ಬೆಕ್ಕಿಗೂ ಬೇಕು ಬಾಣಂತನ

ಮಗುವಿನ ಜ್ವರಕ್ಕೆ ಔಷಧಿ ಬರೆಸಿಕೊಂಡು ಏಳುವ ಮುನ್ನ ಕೆಲವು ತಾಯಂದಿರು ಸಂಕೋಚದಿಂದ ಒಂದು ಪ್ರಶ್ನೆ ಕೇಳುವುದುಂಟು: ‘ಡಾಕ್ಟ್ರೇ, ಮನೇಲಿ ಬೆಕ್ಕಿನ ಮರಿಗೂ ಮೈ ಸರಿಯಿಲ್ಲ. ಇದೇ ಸಿರಪ್ಪು ಎರಡು ಹನಿ ಹಾಕಬಹುದಾ?’ ಖಂಡಿತ ಹಾಕಬಾರದು. ಮಕ್ಕಳ ಜ್ವರ ಇಳಿಸುವ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಅದೇಕೆ ಎಂಬುದನ್ನು ಮುಂದೆ ವಿವರಿಸುತ್ತೇನೆ. ಮನುಷ್ಯರ ವೈದ್ಯನಾದ ನಾನು ಬೆಕ್ಕಿಗೆ ಔಷಧಿ ಬರೆಯಲಾರೆ. ಅದು ಪಶುವೈದ್ಯರ ಕೆಲಸ. ಆದರೆ ಅವರ ಬಳಿಗೆ ತಲುಪುವವರೆಗೆ ಮರಿಯ ಜೀವ ಹಿಡಿದಿಡುವುದು ಮನೆಯವರ ಕೈಯಲ್ಲಿದೆ. ಅದಕ್ಕೆ ಬೇಕಾದದ್ದು ಔಷಧಿಗಿಂತ ಹೆಚ್ಚಾಗಿ ಬಾಣಂತನ.

ಬೆಕ್ಕು ತನ್ನ ಮರಿಗಳಿಗೆ ಏಳು ಮನೆ ತೋರಿಸುತ್ತದೆ ಎನ್ನುತ್ತಾರೆ ಹಿರಿಯರು. ಹಳ್ಳಿಯ ಅಟ್ಟವಾಗಲಿ, ಸೌದೆ ಕೊಟ್ಟಿಗೆಯಾಗಲಿ, ಪಟ್ಟಣದ ಅಪಾರ್ಟ್‌ಮೆಂಟಿನ ಜನರೇಟರ್ ಕೋಣೆಯಾಗಲಿ, ಅದು ಹುಡುಕುವುದು ಕತ್ತಲೆ, ಬಿಸುಪು ಮತ್ತು ನೆಮ್ಮದಿ. ಈಗ ನಗರಗಳಲ್ಲಿ ಪ್ರಾಣಿದಯಾ ಸಂಸ್ಥೆಗಳು ಬೀದಿಯಲ್ಲಿ ಸಿಕ್ಕ ತಾಯಿ ಮತ್ತು ಮರಿಗಳನ್ನು ಕೆಲವು ವಾರ ನೋಡಿಕೊಳ್ಳಲೆಂದು ಒಪ್ಪುವ ಮನೆಗಳಿಗೆ ಕೊಡುತ್ತವೆ. ಇದನ್ನು ‘ಫಾಸ್ಟರಿಂಗ್’ ಎನ್ನುತ್ತಾರೆ. ಇದು ಕಾಯಂ ಸಾಕುವುದಲ್ಲ. ಬಾಣಂತನ ಮುಗಿಸಿ ಕಳಿಸಿಕೊಡುವುದು. ಅಂಥ ಮನೆಗಳವರಿಗೂ, ತಮ್ಮ ಅಟ್ಟದಲ್ಲೇ ಬೆಕ್ಕು ಮರಿ ಹಾಕಿಕೊಂಡವರಿಗೂ ಈ ಮಾತುಗಳು.

ಒಂದು ಎಚ್ಚರಿಕೆ. ಮರಿಗಳು ಮಾತ್ರ ಕಣ್ಣಿಗೆ ಬಿದ್ದವೆಂದು ಕೂಡಲೇ ಎತ್ತಿಕೊಂಡು ಬರಬೇಡಿ. ತಾಯಿ ಆಹಾರ ಹುಡುಕಿಕೊಂಡು ಹೋಗಿರಬಹುದು. ಮರಿಗಳು ಬೆಚ್ಚಗಿದ್ದು ಸುಮ್ಮನೆ ಮಲಗಿದ್ದರೆ ದೂರದಿಂದ ಕೆಲವು ಗಂಟೆ ಗಮನಿಸಿ. ಮೈ ತಣ್ಣಗಾಗಿದ್ದರೆ ಅಥವಾ ಎಡೆಬಿಡದೆ ಅರಚುತ್ತಿದ್ದರೆ ಮಾತ್ರ ಕಾಯುವ ಹಾಗಿಲ್ಲ.

ಮೊದಲು ಬಿಸುಪು

ಬೆಕ್ಕಿನ ಮರಿ ಹುಟ್ಟುವಾಗ ಸುಮಾರು 100 ಗ್ರಾಂ, ಅಂದರೆ ಎರಡು ನಿಂಬೆಹಣ್ಣಿನಷ್ಟು ತೂಗುತ್ತದೆ. ಮೊದಲ ವಾರದಲ್ಲಿ ಅದಕ್ಕೆ ನಡುಗಿ ಮೈ ಬಿಸಿ ಮಾಡಿಕೊಳ್ಳುವ ಶಕ್ತಿಯೂ ಇರುವುದಿಲ್ಲ. ತಾಯಿಯ ಹೊಟ್ಟೆ ಮತ್ತು ಒಡಹುಟ್ಟಿದವುಗಳ ಮೈ, ಇವೇ ಅದರ ಹೊದಿಕೆ. ಬಚ್ಚಲೊಲೆಯ ಬೂದಿಯಲ್ಲಿ ಬೆಕ್ಕು ಸುರುಳಿ ಸುತ್ತಿ ಮಲಗುವುದನ್ನು ಕಂಡವರಿಗೆ ಈ ಜಾತಿಗೆ ಕಾವು ಎಷ್ಟು ಬೇಕೆಂದು ಹೇಳಬೇಕಾಗಿಲ್ಲ.

ಮರಿ ತಣ್ಣಗಾದರೆ ಅದರ ಕರುಳಿನ ಚಲನೆಯೂ ನಿಧಾನವಾಗುತ್ತದೆ. ಆಗ ಹಾಲು ಕುಡಿಸಿದರೆ ಅದು ಜೀರ್ಣವಾಗದೆ ಹೊಟ್ಟೆಯಲ್ಲೇ ಉಳಿಯುತ್ತದೆ, ಅಥವಾ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗುತ್ತದೆ. ‘ಪಾಪ, ಹಸಿದಿದೆ’ ಎಂದು ತಣ್ಣಗಿರುವ ಮರಿಗೆ ಹಾಲು ಹಾಕುವುದರಿಂದಲೇ ಎಷ್ಟೋ ಮರಿಗಳು ಸಾಯುತ್ತವೆ. ಆದ್ದರಿಂದ ಮೊದಲು ಬಿಸುಪು, ಆಮೇಲೆ ಹಾಲು. ಈ ಕ್ರಮವನ್ನು ಎಂದಿಗೂ ತಿರುಗುಮುರುಗು ಮಾಡಬಾರದು.

ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಹಳೆಯ ಹತ್ತಿ ಬಟ್ಟೆ ಹಾಸಿ. ಬಾಟಲಿಗೆ ಬಿಸಿನೀರು ತುಂಬಿ, ಟವೆಲ್ ಸುತ್ತಿ, ಪೆಟ್ಟಿಗೆಯ ಒಂದು ಬದಿಯಲ್ಲಿ ಮಾತ್ರ ಇಡಿ. ಸೆಖೆಯಾದರೆ ಮರಿ ಇನ್ನೊಂದು ಬದಿಗೆ ತೆವಳಲು ಜಾಗವಿರಬೇಕು. ಮೊದಲ ವಾರ ಪೆಟ್ಟಿಗೆಯೊಳಗೆ 85ರಿಂದ 90 ಡಿಗ್ರಿ ಫ್ಯಾರನ್‌ಹೀಟ್ ಇದ್ದರೆ ಒಳ್ಳೆಯದು. ಮುಂದಿನ ವಾರಗಳಲ್ಲಿ ಇದನ್ನು ಸ್ವಲ್ಪ ಸ್ವಲ್ಪವೇ ತಗ್ಗಿಸಬಹುದು. ತೀರಾ ತಣ್ಣಗಾದ ಮರಿಯನ್ನು ನಿಧಾನವಾಗಿ ಬೆಚ್ಚಗೆ ಮಾಡಬೇಕು. ಇದಕ್ಕೆ ಒಂದು ಗಂಟೆ ಅಥವಾ ಇನ್ನೂ ಹೆಚ್ಚು ಹೊತ್ತು ಹಿಡಿಯಬಹುದು. ಬಿಸಿನೀರಿನಲ್ಲಿ ಅದ್ದುವುದು, ಕೆಂಡದ ಬಳಿ ಇಡುವುದು ಅಪಾಯ.

ಹಾಲು ಯಾವುದು, ಎಷ್ಟು?

ತಾಯಿ ಬೆಕ್ಕು ಇದ್ದು ಮೊಲೆಯೂಡಿಸುತ್ತಿದ್ದರೆ ಅದಕ್ಕೆ ಸರಿಸಾಟಿಯಾದ ಆಹಾರ ಬೇರೆ ಇಲ್ಲ. ಹುಟ್ಟಿದ ಮೊದಲ ದಿನದ ಗಿಣ್ಣುಹಾಲಿನಿಂದಲೇ ಮರಿಗೆ ರೋಗನಿರೋಧಕ ವಸ್ತುಗಳು ದೊರೆಯುತ್ತವೆ. ಸೊರಗಿದ ಮರಿಯನ್ನು ಬೇರೆ ಮರಿಗಳು ತಳ್ಳಿಹಾಕುತ್ತಿದ್ದರೆ, ಅದನ್ನೆತ್ತಿ ತಾಯಿಯ ಮೊಲೆಗೆ ಹಚ್ಚಿ ಐದು ನಿಮಿಷ ಕಾವಲಿರಿ. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಬಿಟ್ಟುಬಿಡುತ್ತದೆ ಎಂಬುದು ನಂಬಿಕೆಯಷ್ಟೆ. ಆದರೆ ಮಕ್ಕಳೆಲ್ಲ ಸುತ್ತ ನೆರೆದು ಗಲಾಟೆ ಮಾಡಿದರೆ ತಾಯಿ ಹೆದರಿ ಮರಿಗಳನ್ನು ಬೇರೆಡೆಗೆ ಒಯ್ಯುತ್ತದೆ.

ತಾಯಿಯ ಹಾಲು ಸಾಲದಿದ್ದರೆ ಹಸುವಿನ ಹಾಲು ಹಾಕುವುದು ನಮ್ಮ ಮನೆಗಳ ರೂಢಿ. ಬೆಕ್ಕಿನ ಹಾಲಿಗೆ ಹೋಲಿಸಿದರೆ ಹಸುವಿನ ಹಾಲಿನಲ್ಲಿ ಪ್ರೋಟೀನು, ಕೊಬ್ಬು ಕಡಿಮೆ. ಲ್ಯಾಕ್ಟೋಸ್ ಎಂಬ ಸಕ್ಕರೆ ಹೆಚ್ಚು. ಹೀಗಾಗಿ ಹೊಟ್ಟೆ ತುಂಬಿದರೂ ಮರಿ ಬೆಳೆಯುವುದಿಲ್ಲ, ಭೇದಿ ಬೇರೆ ಆಗುತ್ತದೆ. ಬೆಕ್ಕಿನ ಮರಿಗಳಿಗಾಗಿಯೇ ತಯಾರಿಸಿದ ಹಾಲಿನ ಪುಡಿ ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ಡಬ್ಬಿಯ ಮೇಲಿನ ಸೂಚನೆಯಂತೆ ಕಲಸಿ, ಉಗುರುಬೆಚ್ಚಗೆ ಮಾಡಿ ಕೊಡಿ. 100 ಗ್ರಾಂ ತೂಕದ ಮರಿಯ ಹೊಟ್ಟೆ ಒಂದು ಸಲಕ್ಕೆ ಹಿಡಿಯುವುದು 4ರಿಂದ 5 ಮಿಲಿ, ಅಂದರೆ ಒಂದು ಟೀ ಚಮಚದಷ್ಟು. ಮೊದಲ ವಾರ ಎರಡು ಮೂರು ಗಂಟೆಗೊಮ್ಮೆ, ಎರಡನೆಯ ವಾರ ಮೂರು ನಾಲ್ಕು ಗಂಟೆಗೊಮ್ಮೆ, ರಾತ್ರಿಯೂ ಸೇರಿದಂತೆ ಕೊಡಬೇಕಾಗುತ್ತದೆ.

ಎಳೆಯ ಮಗುವಿನಂತೆ ಅಂಗಾತ ಮಲಗಿಸಿ ಕುಡಿಸಬಾರದು. ಮರಿ ತಾಯಿಯ ಬಳಿ ಹೇಗೆ ಬೋರಲಾಗಿ, ತಲೆ ತುಸು ಎತ್ತಿ ಕುಡಿಯುತ್ತದೋ ಹಾಗೆಯೇ ಹಿಡಿಯಬೇಕು. ಸೂಜಿ ತೆಗೆದ ಸಿರಿಂಜಿನಿಂದ ಹನಿ ಹನಿಯಾಗಿ ಬಿಡಿ. ಮೂಗಿನಿಂದ ಹಾಲು ಬಂದರೆ ತಕ್ಷಣ ನಿಲ್ಲಿಸಿ. ತಾಯಿಯಿಲ್ಲದ ಮರಿಗೆ ಸುಮಾರು ಮೂರು ವಾರದವರೆಗೆ ತಾನಾಗಿ ಮಲಮೂತ್ರ ವಿಸರ್ಜಿಸಲು ಬಾರದು. ಪ್ರತಿ ಸಲ ಕುಡಿಸಿದ ಮೇಲೆ ಬೆಚ್ಚಗಿನ ಒದ್ದೆ ಹತ್ತಿಯಿಂದ ಅದರ ಹಿಂಭಾಗವನ್ನು ಮೃದುವಾಗಿ ಒರೆಸಬೇಕು. ತಾಯಿ ನೆಕ್ಕಿ ಮಾಡುವ ಕೆಲಸವಿದು. ಮೂತ್ರ ನೀರಿನಂತೆ ತಿಳಿಯಾಗಿದ್ದರೆ ಸರಿ. ಗಾಢ ಹಳದಿಯಾದರೆ ಮೈಯಲ್ಲಿ ನೀರು ಕಡಿಮೆಯಾಗಿದೆ ಎಂದರ್ಥ.

ತಕ್ಕಡಿಯೇ ಥರ್ಮಾಮೀಟರು

ಬೆಕ್ಕಿನ ಮರಿ ಕಾಯಿಲೆಯನ್ನು ಬಚ್ಚಿಡುತ್ತದೆ. ನಮಗೆ ಲಕ್ಷಣ ಕಾಣಿಸುವ ಹೊತ್ತಿಗೆ ತಡವಾಗಿರುತ್ತದೆ. ಆದ್ದರಿಂದ ಅಡುಗೆಮನೆಯ ಸಣ್ಣ ತಕ್ಕಡಿಯಲ್ಲಿ ಪ್ರತಿದಿನ ಒಂದೇ ಹೊತ್ತಿಗೆ ತೂಕ ನೋಡಿ ಕ್ಯಾಲೆಂಡರಿನಲ್ಲಿ ಬರೆದಿಡಿ. ಆರೋಗ್ಯವಂತ ಮರಿ ದಿನಕ್ಕೆ 10ರಿಂದ 15 ಗ್ರಾಂ ಹೆಚ್ಚುತ್ತದೆ. ಒಂದು ದಿನ ತೂಕ ಏರದಿದ್ದರೆ ಎಚ್ಚರವಾಗಿರಿ. ತೂಕ ಇಳಿದರೆ ಅಂದೇ ಪಶುವೈದ್ಯರನ್ನು ಕಾಣಿರಿ.

ಬಾಣಂತಿಯನ್ನು ಮರೆಯಬೇಡಿ

ಎಲ್ಲರ ಕಣ್ಣೂ ಮರಿಗಳ ಮೇಲೆ. ಆದರೆ ತಾಯಿ ಮಲಗಿದರೆ ಎಲ್ಲ ಮರಿಗಳೂ ಒಟ್ಟಿಗೆ ಮಲಗುತ್ತವೆ. ಮೊಲೆಯೂಡಿಸುವ ಬೆಕ್ಕಿಗೆ ಎಂದಿಗಿಂತ ಎರಡು ಮೂರು ಪಟ್ಟು ಆಹಾರ ಬೇಕು. ಬೆಕ್ಕು ಮೂಲತಃ ಮಾಂಸಾಹಾರಿ. ಹಾಲು-ಅನ್ನ, ಮೊಸರನ್ನ ಅದಕ್ಕೆ ಸಾಲದು. ಬೇಯಿಸಿದ ಕೋಳಿ, ಮೊಟ್ಟೆ, ಮುಳ್ಳು ತೆಗೆದ ಮೀನು ಕೊಡಬಹುದು. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರು ಬೇಡ. ಅವೆರಡೂ ಬೆಕ್ಕಿನ ರಕ್ತಕಣಗಳನ್ನು ಒಡೆಯುತ್ತವೆ. ಮನೆಗೆ ಮಾಂಸ ತಾರದವರು ಮರಿಬೆಕ್ಕಿಗೆಂದು ಮಾರುವ ಸಿದ್ಧ ಆಹಾರವನ್ನು ತಾಯಿಗೆ ಕೊಡಬಹುದು. ಹತ್ತಿರದಲ್ಲೇ ಶುದ್ಧ ನೀರಿರಲಿ.

ಮೂರು ತೊಂದರೆಗಳನ್ನು ಗಮನಿಸುತ್ತಿರಿ. ಒಂದು, ಮೊಲೆ ಕೆಂಪಾಗಿ ಗಟ್ಟಿಯಾಗಿ, ಮುಟ್ಟಿದರೆ ನೋವಾಗುವ ಮೊಲೆಬಾವು. ಎರಡು, ದುರ್ವಾಸನೆಯ ಸ್ರಾವದೊಂದಿಗೆ ಬರುವ ಗರ್ಭಕೋಶದ ಸೋಂಕು. ಮೂರು, ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದು ಬರುವ ನಡುಕ ಮತ್ತು ಸೆಟೆತ. ಈ ಮೂರನೆಯದು ಕೆಲವೇ ಗಂಟೆಗಳಲ್ಲಿ ಪ್ರಾಣ ತೆಗೆಯಬಲ್ಲದು. ಬೆಕ್ಕಿನ ಸಹಜ ದೇಹೋಷ್ಣ 100.5ರಿಂದ 102.5 ಡಿಗ್ರಿ. ಆದ್ದರಿಂದ ಮೈ ನಮಗಿಂತ ಬಿಸಿ ಎಂದಷ್ಟಕ್ಕೇ ಜ್ವರವೆಂದುಕೊಳ್ಳಬಾರದು.

ಮರಿಗಳ ಸಾಮಾನ್ಯ ಕಾಯಿಲೆಗಳು

ಶೀತ ಮತ್ತು ಕಣ್ಣಿನ ಸೋಂಕು ಬಹಳ ಸಾಮಾನ್ಯ. ಹರ್ಪಿಸ್ ಜಾತಿಯ ವೈರಾಣು ತಾಯಿಯ ಮೈಯಲ್ಲಿ ಸುಮ್ಮನೆ ಅಡಗಿದ್ದು, ಹೆರಿಗೆ ಮತ್ತು ಹೊಸ ಜಾಗದ ಒತ್ತಡದಲ್ಲಿ ಮತ್ತೆ ತಲೆಯೆತ್ತಿ ಮರಿಗಳಿಗೆ ಹರಡುತ್ತದೆ. ಮೂಗು ಕಟ್ಟಿದ ಬೆಕ್ಕಿಗೆ ವಾಸನೆ ತಿಳಿಯುವುದಿಲ್ಲ. ವಾಸನೆ ತಿಳಿಯದಿದ್ದರೆ ಅದು ತಿನ್ನುವುದಿಲ್ಲ. ಬಿಸಿನೀರಿನ ಹಬೆ ತುಂಬಿದ ಬಚ್ಚಲುಮನೆಯಲ್ಲಿ ಹತ್ತು ನಿಮಿಷ ಮರಿಯನ್ನು ಹಿಡಿದು ಕೂತರೆ ಮೂಗು ಸಡಿಲವಾಗುತ್ತದೆ. ಕಣ್ಣಿನ ಗೀಜನ್ನು ಕಾಯಿಸಿ ಆರಿಸಿದ ನೀರಿನಲ್ಲಿ ಅದ್ದಿದ ಹತ್ತಿಯಿಂದ, ಒಂದೊಂದು ಕಣ್ಣಿಗೆ ಬೇರೆ ಬೇರೆ ತುಂಡು ಬಳಸಿ ಒರೆಸಿ. ಮರಿಗಳು ಕಣ್ಣು ಬಿಡುವುದು ಸುಮಾರು 7ರಿಂದ 14 ದಿನದೊಳಗೆ. ಅದಕ್ಕೆ ಮುಂಚೆಯೇ ರೆಪ್ಪೆಯ ಕೆಳಗೆ ಉಬ್ಬಿದ್ದರೆ ಒಳಗೆ ಕೀವು ತುಂಬಿರಬಹುದು. ಕಾದರೆ ದೃಷ್ಟಿಯೇ ಹೋದೀತು.

ಭೇದಿಗೆ ಜಂತುಹುಳು, ಆಹಾರದ ವ್ಯತ್ಯಾಸ, ಸೋಂಕು ಹೀಗೆ ಹಲವು ಕಾರಣಗಳಿವೆ. ಜಂತುಹುಳುವಿನ ಮರಿಗಳು ತಾಯಿಯ ಹಾಲಿನ ಮೂಲಕವೇ ಬರುವುದರಿಂದ ತಾಯಿಗೂ ಮರಿಗಳಿಗೂ ಪಶುವೈದ್ಯರು ತೂಕ ನೋಡಿ ಔಷಧಿ ಕೊಡುತ್ತಾರೆ. ಎಲ್ಲಕ್ಕಿಂತ ಭೀಕರವಾದುದು ಪ್ಯಾನ್‌ಲ್ಯುಕೋಪೀನಿಯಾ. ವಾಂತಿ, ಭೇದಿ, ಒಮ್ಮೆಗೇ ಕುಸಿಯುವುದು ಇದರ ಲಕ್ಷಣ. ಇದರ ವೈರಾಣು ಮನೆಯಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಆದ್ದರಿಂದ ಹೊರಗಿನಿಂದ ತಂದ ಬೆಕ್ಕುಗಳನ್ನು ಕನಿಷ್ಠ ಎರಡು ವಾರ ಮನೆಯ ಬೆಕ್ಕಿನಿಂದ ದೂರ, ಬೇರೆ ಕೋಣೆಯಲ್ಲಿಡಿ; ತಟ್ಟೆ, ಬಟ್ಟೆಗಳೂ ಬೇರೆಯಿರಲಿ.

ಚಿಗಟಗಳನ್ನು ಹಗುರವಾಗಿ ಕಾಣಬಾರದು. 200 ಗ್ರಾಂ ತೂಕದ ಮರಿಯಲ್ಲಿರುವ ರಕ್ತವೇ ಎಷ್ಟು! ಹತ್ತಾರು ಚಿಗಟ ಹೀರಿದರೆ ಒಸಡು ಬಿಳಿಚಿಕೊಂಡು ಮರಿ ಸಾಯಬಹುದು. ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಚಿ, ಬಂದ ಚಿಗಟಗಳನ್ನು ಸೋಪಿನ ನೀರಿಗೆ ಹಾಕಿ. ನಾಯಿಗೆ ಹಚ್ಚುವ ಚಿಗಟದ ಔಷಧಿ ಬೇಡವೇ ಬೇಡ. ಅವುಗಳಲ್ಲಿ ಹಲವದರಲ್ಲಿರುವ ಪರ್ಮೆಥ್ರಿನ್ ಬೆಕ್ಕನ್ನು ಕೊಲ್ಲುತ್ತದೆ.

ನಮ್ಮ ಔಷಧಿ, ಅವುಗಳ ವಿಷ

ಪ್ಯಾರಾಸಿಟಮಾಲ್ ಅನ್ನು ನಮ್ಮ ಯಕೃತ್ತು ಬೇರೊಂದು ವಸ್ತುವಿನೊಡನೆ ಬೆಸೆದು ಮೂತ್ರದ ಮೂಲಕ ಹೊರಹಾಕುತ್ತದೆ. ಈ ಕೆಲಸ ಮಾಡುವ ಕಿಣ್ವ ಬೆಕ್ಕಿನಲ್ಲಿ ತೀರಾ ಕಡಿಮೆ. ಹೀಗಾಗಿ ಔಷಧಿ ವಿಷವಸ್ತುವಾಗಿ ಮಾರ್ಪಟ್ಟು ರಕ್ತಕಣಗಳ ಮೇಲೆ ಎರಗುತ್ತದೆ. ರಕ್ತ ಕಂದುಬಣ್ಣಕ್ಕೆ ತಿರುಗಿ ಆಮ್ಲಜನಕ ಹೊರಲಾರದಾಗುತ್ತದೆ. ದೊಡ್ಡ ಬೆಕ್ಕಿನ ಪ್ರಾಣ ತೆಗೆಯಲು 500 ಮಿಲಿಗ್ರಾಂನ ಒಂದೇ ಮಾತ್ರೆ ಸಾಕು. ಮರಿಗೆ ಕೆಲವು ಹನಿ ಸಿರಪ್ಪೂ ಅಪಾಯ. ಅರಿಯದೆ ಕೊಟ್ಟಿದ್ದರೆ ಮುಚ್ಚಿಡದೆ ಕೂಡಲೇ ಪಶುವೈದ್ಯರಿಗೆ ತಿಳಿಸಿ. ಬೇಗ ಹೋದರೆ ಪ್ರತಿವಿಷವಿದೆ. ಐಬುಪ್ರೊಫೆನ್, ಆಸ್ಪಿರಿನ್, ಕರ್ಪೂರ ಬೆರೆತ ಶೀತದ ಮುಲಾಮು, ನೀಲಗಿರಿ ಎಣ್ಣೆ ಇವೂ ಬೇಡ. ಪಶುವೈದ್ಯರ ಫೋನ್ ನಂಬರನ್ನು ಮನೆಯ ಔಷಧಿ ಡಬ್ಬಿಯ ಮುಚ್ಚಳದ ಮೇಲೆಯೇ ಬರೆದಿಡುವುದು ಒಳ್ಳೆಯ ಅಭ್ಯಾಸ.

ನೆಲ ಒರೆಸುವ ಫಿನಾಯಿಲ್ ಕೂಡ ಬೆಕ್ಕಿಗೆ ವಿಷ. ಅದು ಪಾದಕ್ಕಂಟುತ್ತದೆ, ಬೆಕ್ಕು ಪಾದ ನೆಕ್ಕುತ್ತದೆ. ಬದಲಿಗೆ ಬೆಕ್ಕುಗಳನ್ನು ಹೊರಗಿಟ್ಟು, ಒಂದು ಲೀಟರ್ ನೀರಿಗೆ ಸುಮಾರು 30 ಮಿಲಿ ಬ್ಲೀಚ್ ದ್ರಾವಣ ಬೆರೆಸಿ ಒರೆಸಿ, ಹತ್ತು ನಿಮಿಷ ಬಿಟ್ಟು ಬರಿಯ ನೀರಿನಿಂದ ತೊಳೆದು ಒಣಗಿಸಿ.

ಮನೆಮಂದಿಯ ಆರೋಗ್ಯ

ಇದು ನನ್ನ ಕ್ಷೇತ್ರ, ಆದ್ದರಿಂದ ಒತ್ತಿ ಹೇಳುತ್ತೇನೆ. ಬೆಕ್ಕಿನಿಂದಲೂ ರೇಬೀಸ್ ಬರುತ್ತದೆ. ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ, ಕಾಫಿಪುಡಿ ಮೆತ್ತಬೇಡಿ. ಲಸಿಕೆಯನ್ನು ವೈದ್ಯರು ಬರೆದುಕೊಟ್ಟ ಎಲ್ಲ ದಿನಗಳಂದೂ ತಪ್ಪದೆ ಹಾಕಿಸಿಕೊಳ್ಳಿ. ರಕ್ತ ಬಂದ ಗಾಯಕ್ಕೆ ಲಸಿಕೆಯ ಜೊತೆ ಇಮ್ಯುನೋಗ್ಲೋಬ್ಯುಲಿನ್ ಕೂಡ ಬೇಕಾಗುತ್ತದೆ. ಗರ್ಭಿಣಿಯರು ಬೆಕ್ಕಿನ ಮಲದ ತಟ್ಟೆ ಶುಚಿ ಮಾಡಬಾರದು. ಟಾಕ್ಸೋಪ್ಲಾಸ್ಮಾ ಸೋಂಕು ಗರ್ಭಸ್ಥ ಶಿಶುವಿಗೆ ತಗಲಬಹುದು. ಈ ರೋಗಾಣು ಸೋಂಕುಕಾರಕವಾಗಲು ಒಂದು ದಿನಕ್ಕಿಂತ ಹೆಚ್ಚು ಬೇಕಾದ್ದರಿಂದ, ಮನೆಯ ಬೇರೆಯವರು ದಿನವೂ ತಟ್ಟೆ ತೊಳೆದರೆ ಅಪಾಯ ಬಹಳ ತಗ್ಗುತ್ತದೆ. ಮಕ್ಕಳ ಮೈಮೇಲೆ ಉಂಗುರದಂತಹ ತುರಿಕೆಯ ಕಲೆ ಕಂಡರೆ ಗಜಕರ್ಣವಿರಬಹುದು, ಮರಿಯನ್ನೂ ಪರೀಕ್ಷಿಸಿ. ಮರಿಗಳನ್ನು ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯುವುದು ಮನೆಯ ನಿಯಮವಾಗಲಿ.

ತಡ ಮಾಡಬಾರದ ಲಕ್ಷಣಗಳು

ಬೆಚ್ಚಗೆ ಮಾಡಿದರೂ ಏಳದ ಮರಿ, ಬಾಯಿ ತೆರೆದು ಉಸಿರಾಡುವುದು, ಬಿಳಿಚಿದ ಅಥವಾ ಕಂದು ಒಸಡು, ರಕ್ತಭೇದಿ, ನಿಲ್ಲದ ವಾಂತಿ, ತಾಯಿಗೆ ನಡುಕ ಅಥವಾ ಸಂಪೂರ್ಣ ಆಹಾರ ಬಿಡುವುದು, ಇವು ಬೆಳಗಿನವರೆಗೆ ಕಾಯುವ ವಿಷಯಗಳಲ್ಲ. ಹತ್ತಿರದ ಪಶು ಆಸ್ಪತ್ರೆಗೆ ಕೊಂಡೊಯ್ಯಿರಿ. ಬೆಂಗಳೂರಿನ ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್‌ಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳೂ ಇವೆ. ದಾರಿಯಲ್ಲೂ ಬಿಸಿನೀರಿನ ಬಾಟಲಿ ಜೊತೆಗಿರಲಿ.

ಸುಮಾರು ನಾಲ್ಕು ವಾರಕ್ಕೆ ಮರಿಗಳು ಮೆತ್ತಗಿನ ಆಹಾರ ನೆಕ್ಕಲು ತೊಡಗುತ್ತವೆ. 6ರಿಂದ 8 ವಾರಕ್ಕೆ ಲಸಿಕೆ ಆರಂಭಿಸಬಹುದು. ಎಂಟು ವಾರ ತುಂಬುವವರೆಗೆ ತಾಯಿಯಿಂದ ಅಗಲಿಸಬೇಡಿ. ಮೊಲೆಯೂಡಿಸುತ್ತಿರುವಾಗಲೇ ಬೆಕ್ಕು ಮತ್ತೆ ಗರ್ಭ ಧರಿಸಬಲ್ಲದು, ಒಂಬತ್ತು ವಾರಕ್ಕೆಲ್ಲ ಮತ್ತೆ ಮರಿ ಹಾಕುತ್ತದೆ. ಆದ್ದರಿಂದ ಅದನ್ನು ಮನೆಯೊಳಗೇ ಇಟ್ಟುಕೊಂಡು, ಹಾಲು ಬತ್ತಿದ ಮೇಲೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ.

ಇಷ್ಟೆಲ್ಲ ಮಾಡಿದರೂ ಒಂದೆರಡು ಮರಿ ಉಳಿಯದೆ ಹೋಗಬಹುದು. ರಾತ್ರಿ ನಿದ್ದೆಗೆಟ್ಟು ಕಾದ ಮಕ್ಕಳು ಅತ್ತರೆ ‘ಬೆಕ್ಕು ತಾನೆ’ ಎಂದು ಗದರಬೇಡಿ. ಉಳಿದ ಮರಿಗಳ ತೂಕ ಬರೆಯುವ ಕೆಲಸವನ್ನು ಅವರಿಗೇ ವಹಿಸಿ. ಒಂದು ಜೀವವನ್ನು ಹೊತ್ತುಹೊತ್ತಿಗೆ ನೋಡಿಕೊಳ್ಳುವುದೆಂದರೇನು ಎಂಬುದನ್ನು ಮಕ್ಕಳು ಹಾಗೆ ಮನೆಯಲ್ಲೇ ಕಲಿಯುತ್ತಾರೆ.