ಮೇಳ ಮುಗಿದ ಮೇಲೆ ಬಂದ ಮಾರಿ

1867ರ ಏಪ್ರಿಲ್‌ನಲ್ಲಿ ಹರಿದ್ವಾರದ ಕುಂಭಮೇಳಕ್ಕೆ ಸೇರಿದ್ದವರು ಸುಮಾರು 30 ಲಕ್ಷ ಎಂಬುದು ಅಂದಿನ ಅಂದಾಜು. ವ್ಯವಸ್ಥೆಯೇನೂ ಕೆಟ್ಟದಾಗಿರಲಿಲ್ಲ. ಶೌಚಕ್ಕೆಂದು ಕಂದಕ ತೋಡಿಸಿ, ಮೇಲೆ ಮಣ್ಣು ಮುಚ್ಚಿಸುವ ಏರ್ಪಾಡಿತ್ತು. ಮೊದಲ ದಿನಗಳಲ್ಲಿ ಕಾಯಿಲೆಯ ಸುಳಿವು ಅಷ್ಟಾಗಿ ಇರಲಿಲ್ಲ.

ಏಪ್ರಿಲ್ 11ರ ರಾತ್ರಿ ಗುಡುಗು ಸಹಿತ ಭಾರೀ ಮಳೆ ಸುರಿಯಿತು. ಬಯಲಿನಲ್ಲಿ ಮಲಗಿದ್ದ ಜನ ತೊಯ್ದು ತೊಪ್ಪೆಯಾದರು. ಬಯಲಿನ ಹೊಲಸು ನದಿಗೆ ಹರಿಯಿತು. ಮರುದಿನವೇ ಮುಖ್ಯ ಸ್ನಾನ. ಅದಕ್ಕೆ ಬಿಟ್ಟಿದ್ದ ಜಾಗ 650 ಅಡಿ ಉದ್ದ, 30 ಅಡಿ ಅಗಲ. ಅದನ್ನು ಕಂಬಿ ಹಾಕಿ ನದಿಯ ಉಳಿದ ಹರಿವಿನಿಂದ ಬೇರ್ಪಡಿಸಿದ್ದರು. ಬೆಳಗಿನಿಂದ ಸೂರ್ಯಾಸ್ತದವರೆಗೆ ಜನ ಅದರೊಳಗೆ ಕಿಕ್ಕಿರಿದು ಇಳಿಯುತ್ತಲೇ ಇದ್ದರು. ಸತ್ತವರ ಬೂದಿ, ಮೈ ಮತ್ತು ಬಟ್ಟೆ ತೊಳೆದ ಕೊಳೆ ಎಲ್ಲವೂ ಸೇರಿ ನೀರು ರಾಡಿಯಾಗಿತ್ತು. ಅದನ್ನೇ ತೀರ್ಥವೆಂದು ಕುಡಿದರು, ತಂಬಿಗೆಯಲ್ಲಿ ತುಂಬಿಕೊಂಡರು.

ಕಾಲರಾ, ಅಂದರೆ ನಮ್ಮ ಹಿರಿಯರು ಹೇಳುತ್ತಿದ್ದ ವಾಂತಿಭೇದಿ, ಕುಡಿದ ಕೂಡಲೇ ಮಲಗಿಸುವುದಿಲ್ಲ. ಕೆಲವು ಗಂಟೆಗಳಿಂದ ಐದು ದಿನಗಳವರೆಗೆ ಹೊಟ್ಟೆಯೊಳಗೇ ಹೊಂಚು ಹಾಕುತ್ತದೆ. ಏಪ್ರಿಲ್ 15ರ ವೇಳೆಗೆ ಮೇಳ ಚದುರಿತ್ತು. ಆಮೇಲೆ ಜನ ರಸ್ತೆಗಳಲ್ಲಿ ಕುಸಿಯತೊಡಗಿದರು. ಯಾತ್ರಿಕರು ನಡೆದ ದಾರಿಯಲ್ಲೇ ರೋಗವೂ ನಡೆಯಿತು: ಪಂಜಾಬ್, ಪೇಶಾವರ, ಅಲ್ಲಿಂದ ಅಫ್ಘಾನಿಸ್ತಾನ. ಉತ್ತರ ಭಾರತದಲ್ಲಿ ಎರಡೂವರೆ ಲಕ್ಷ ಜನರಿಗೆ ತಗುಲಿ, ಅವರಲ್ಲಿ ಅರ್ಧದಷ್ಟು ಮಂದಿ ಸತ್ತರೆಂದು ಆಗಿನ ಲೆಕ್ಕ. ದಂಡಿನ ಪ್ರದೇಶಗಳೊಳಗೆ ಯಾತ್ರಿಕರು ಕಾಲಿಡದಂತೆ ಪಹರೆ ಹಾಕಲಾಯಿತು. ಸೋಲ್ಜರುಗಳನ್ನು ಕಾಯುವ ಚಿಂತೆ ಸರ್ಕಾರಕ್ಕೆ ಹೆಚ್ಚಿತ್ತು ಎನ್ನದೆ ವಿಧಿಯಿಲ್ಲ.

ಕುಡಿಯುವ ನೀರೇ ರೋಗದ ವಾಹನ ಎಂದು ಜಾನ್ ಸ್ನೋ 1854ರಲ್ಲೇ ಲಂಡನ್ನಿನಲ್ಲಿ ತೋರಿಸಿದ್ದ. ಆದರೂ ಇಲ್ಲಿನ ಎಷ್ಟೋ ವೈದ್ಯಾಧಿಕಾರಿಗಳು ಹವೆಯನ್ನೇ ದೂರುತ್ತಿದ್ದರು. ರಾಬರ್ಟ್ ಕಾಖ್ ಕಲ್ಕತ್ತೆಯ ಕೆರೆಯೊಂದರ ನೀರಿನಲ್ಲಿ ರೋಗಾಣುವನ್ನು ಗುರುತಿಸಿದ್ದು 1884ರಲ್ಲಿ. ಆನಂತರವೂ 1892ರಲ್ಲಿ ಹರಿದ್ವಾರದ ಮಹಾವಾರುಣಿ ಮೇಳವನ್ನು ಸರ್ಕಾರ ಬಲವಂತವಾಗಿ ಚದುರಿಸಿತು. ಸೋಂಕು ಹೊತ್ತವರನ್ನು ಊರೂರಿಗೆ ಕಳಿಸುವ ಸುಲಭ ಮಾರ್ಗ ಅದಕ್ಕಿಂತ ಇನ್ನೊಂದಿರಲಾರದು!

ಕಾಲರಾ ಮಟ್ಟಿಗೆ ಮದ್ದು ಸರಳ: ಶುದ್ಧ ನೀರು, ಶೌಚಾಲಯ. 2013ರ ಪ್ರಯಾಗದ ಕುಂಭಕ್ಕೆ ಕೋಟಿಗಟ್ಟಲೆ ಜನ ಬಂದರು; ಕ್ಲೋರಿನ್ ಬೆರೆಸಿದ ನಲ್ಲಿ ನೀರು, ಸಾವಿರಾರು ಶೌಚಾಲಯಗಳಿದ್ದವು. ದೊಡ್ಡ ಪಿಡುಗು ಕಾಣಿಸಲಿಲ್ಲ.

ಗಾಳಿಯಲ್ಲಿ ಹರಡುವ ರೋಗದ ಮುಂದೆ ಕ್ಲೋರಿನ್ ಆಟ ನಡೆಯದು. 2021ರ ಏಪ್ರಿಲ್‌ನಲ್ಲಿ ಅದೇ ಹರಿದ್ವಾರದಲ್ಲಿ ಕುಂಭ ನಡೆದಾಗ ಕೋವಿಡ್‌ನ ಎರಡನೇ ಅಲೆ ಏರುತ್ತಿತ್ತು. 10ರಿಂದ 14ರವರೆಗಿನ ಪರೀಕ್ಷೆಗಳಲ್ಲೇ 1,700ಕ್ಕೂ ಹೆಚ್ಚು ಮಂದಿಗೆ ಸೋಂಕು ಕಂಡುಬಂತು. ಅಲ್ಲಿಂದ ಮರಳುವವರು ಮನೆಯಲ್ಲೇ ಪ್ರತ್ಯೇಕವಾಗಿದ್ದು ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ಕರ್ನಾಟಕ ಸರ್ಕಾರ ಆಗ ಸೂಚಿಸಿತು. 1867ರಂತೆ ಈ ಬಾರಿಯೂ ಕಣ್ಣು ನೆಟ್ಟಿದ್ದು ಊರಿಗೆ ಮರಳುವವರ ಮೇಲೆ.