ಉಸಿರಿದ್ದೂ ಸಾವು

ಸಾವಿಗೆ ಕನ್ನಡದಲ್ಲಿರುವ ಮಾತುಗಳು ಬಹುಮಟ್ಟಿಗೆ ಉಸಿರನ್ನೇ ಹಿಡಿದುಕೊಂಡಿವೆ. ಕೊನೆಯುಸಿರೆಳೆದರು, ಉಸಿರು ನಿಂತಿತು, ಪ್ರಾಣ ಹೋಯಿತು ಎಂದೇ ರೂಢಿ. ‘ಮಿದುಳು ಸತ್ತಿದೆ’ ಎಂಬುದು ಆಸ್ಪತ್ರೆ ತಂದ ಹೊಸ ಮಾತು. ಮೃತರ ಅಂಗದಾನ ನಮ್ಮ ದೇಶದಲ್ಲಿ ಕುಂಟುತ್ತಾ ಸಾಗಿರುವುದಕ್ಕೆ ಈ ಅಂತರವೂ ಒಂದು ಕಾರಣವೆನ್ನಬೇಕು.

ತಲೆಗೆ ಬಲವಾದ ಪೆಟ್ಟು ಬಿದ್ದು ಮಿದುಳಕಾಂಡ ಪೂರ್ತಿ ನಿಷ್ಕ್ರಿಯವಾದರೆ ಮನುಷ್ಯ ತಾನಾಗಿ ಉಸಿರಾಡಲಾರ. ವೆಂಟಿಲೇಟರ್ ಗಾಳಿ ಒತ್ತುತ್ತಿರುವವರೆಗೆ ಹೃದಯ ಮಾತ್ರ ಕೆಲಕಾಲ ಬಡಿಯುತ್ತಿರುತ್ತದೆ, ಮೈ ಬೆಚ್ಚಗಿರುತ್ತದೆ. ಇದು ಕೋಮಾ ಅಲ್ಲ. ಕೋಮಾದಿಂದ ಎಚ್ಚರಗೊಂಡವರುಂಟು; ಇಲ್ಲಿಂದ ಮರಳಿದವರಿಲ್ಲ.

1967ರ ಡಿಸೆಂಬರಿನಲ್ಲಿ ಕೇಪ್‌ಟೌನಿನ ಡಾ. ಕ್ರಿಶ್ಚಿಯನ್ ಬರ್ನಾರ್ಡ್ ಮೊದಲ ಬಾರಿಗೆ ಒಬ್ಬ ಮನುಷ್ಯನ ಹೃದಯವನ್ನು ಇನ್ನೊಬ್ಬನಿಗೆ ಜೋಡಿಸಿದಾಗ ‘ದಾನಿ ಸತ್ತದ್ದು ಯಾವಾಗ?’ ಎಂಬ ಪ್ರಶ್ನೆ ಎದ್ದಿತು. ಮರುವರ್ಷ ಹಾರ್ವರ್ಡ್ ವಿಶ್ವವಿದ್ಯಾಲಯದ ಸಮಿತಿಯೊಂದು ಮಿದುಳಿನ ಸಾವಿಗೆ ಲಕ್ಷಣಗಳನ್ನು ನಿಗದಿಮಾಡಿತು. ಅದೇ 1968ರಲ್ಲಿ ಮುಂಬಯಿಯ ಡಾ. ಪಿ.ಕೆ. ಸೇನ್ ಕೂಡ ಹೃದಯದ ಕಸಿ ಮಾಡಿದರು. ರೋಗಿ ಕೆಲವೇ ಗಂಟೆ ಬದುಕಿದ. ಕಾನೂನಿಗೆ ಮಾತ್ರ ಭಾರತ 1994ರವರೆಗೆ ಕಾಯಬೇಕಾಯಿತು. ಅಷ್ಟರೊಳಗೆ ಬೆಂಗಳೂರು, ಮದರಾಸುಗಳಲ್ಲಿ ಬಡವರ ಮೂತ್ರಪಿಂಡ ಸಂತೆಯ ಸರಕಾಗಿತ್ತು.

1994ರ ಕಾಯಿದೆ ಮಾರಾಟವನ್ನು ಅಪರಾಧವೆಂದಿತು, ಮಿದುಳಕಾಂಡದ ಸಾವನ್ನು ಸಾವೆಂದು ಒಪ್ಪಿತು. ನಾಲ್ವರು ವೈದ್ಯರು ಕನಿಷ್ಠ 6 ಗಂಟೆ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ಸಹಿಹಾಕಬೇಕು. ಆ ವರ್ಷದ ಆಗಸ್ಟ್ 3ರಂದು ದೆಹಲಿಯ ಏಮ್ಸ್‌ನಲ್ಲಿ ಡಾ. ಪಿ. ವೇಣುಗೋಪಾಲ್ ಮಾಡಿದ ಹೃದಯ ಕಸಿ ಯಶಸ್ವಿಯಾಯಿತು.

ಸಹಿಯಾದ ಮೇಲೆ ಉಳಿಯುವುದು ಮನೆಯವರ ಒಪ್ಪಿಗೆ. ಮೃತರು ದಾನಪತ್ರ ಬರೆದಿದ್ದರೂ ಅವರನ್ನು ಕೇಳದೆ ಯಾರೂ ಮುಂದುವರಿಯುವುದಿಲ್ಲ. ಎದೆ ಏರಿಳಿಯುತ್ತಿರುವ ಮಗನನ್ನು ಸತ್ತನೆಂದು ತಾಯಿ ನಂಬಬೇಕು, ಅದೂ ಕೆಲವೇ ಗಂಟೆಗಳಲ್ಲಿ. 2021ರಲ್ಲಿ ನಟ ಸಂಚಾರಿ ವಿಜಯ್ ಅವರ ಕುಟುಂಬ ಆ ಗಳಿಗೆಯಲ್ಲಿ ಒಪ್ಪಿತು. ಸ್ಪೇನಿನಲ್ಲಿ ಇಂಥ ಮಾತುಕತೆಗೆಂದೇ ತರಬೇತಾದ ವೈದ್ಯರು ಆಸ್ಪತ್ರೆಗಳಲ್ಲಿದ್ದಾರೆ. 2023ರಲ್ಲಿ ಅಲ್ಲಿ ಹತ್ತು ಲಕ್ಷ ಜನರಿಗೆ ಸುಮಾರು 49 ಮೃತ ದಾನಿಗಳು. ಭಾರತದಲ್ಲಿ ಒಬ್ಬರೂ ಇಲ್ಲ.

ಒಟ್ಟು ಕಸಿಗಳೇನೋ ಏರುತ್ತಿವೆ: 2013ರಲ್ಲಿ 5 ಸಾವಿರದಷ್ಟಿದ್ದದ್ದು 2023ರಲ್ಲಿ 18 ಸಾವಿರ ದಾಟಿತು. ಆ ವರ್ಷ ಇಡೀ ದೇಶದಲ್ಲಿ ಮೃತ ದಾನಿಗಳು ಸುಮಾರು 1,100. ‘ಜೀವಸಾರ್ಥಕತೆ’ ಸಂಸ್ಥೆ ನೋಡಿಕೊಳ್ಳುವ ಕರ್ನಾಟಕ ಮುಂಚೂಣಿಯ ರಾಜ್ಯಗಳಲ್ಲೊಂದು, ಇಲ್ಲಿ 178. ಮಿಕ್ಕ ಅಂಗಗಳೆಲ್ಲ ಬಂದದ್ದು ಬದುಕಿರುವವರ ಮೈಯಿಂದ. ಹಾಗೆ ಕೊಟ್ಟವರಲ್ಲಿ ನೂರಕ್ಕೆ 60ಕ್ಕೂ ಹೆಚ್ಚು ಮಂದಿ ಹೆಂಗಸರು. ಪಡೆದವರಲ್ಲಿ ಹೆಚ್ಚಿನವರು ಗಂಡಸರು.