ತೋಟದ ಹಕ್ಕಿ: ನೋಡುವುದಕ್ಕಿಂತ ಕೇಳುವುದು ಸುಲಭ

ಹಕ್ಕಿ ವೀಕ್ಷಣೆ ಅಂದ ತಕ್ಷಣ ದುರ್ಬೀನು, ದುಬಾರಿ ಕ್ಯಾಮರಾ, ಪೇಟೆಯಿಂದ ಬರುವ ಜನ – ಇಂಥದೊಂದು ಚಿತ್ರ ನಮ್ಮ ತಲೆಯಲ್ಲಿದೆ. ಅಡಿಕೆ ತೋಟದೊಳಗೆ ಆ ಸಾಮಾನುಗಳಿಂದ ದೊಡ್ಡ ಉಪಯೋಗವಿಲ್ಲ. ಮೇಲೆ ಸೋಗೆ, ನಡುವೆ ಬಾಳೆ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಏಲಕ್ಕಿ. ಹಕ್ಕಿ ಹತ್ತು ಮಾರು ದೂರದಲ್ಲಿದ್ದರೂ ಕಾಣದು. ಕಿವಿಗೆ ಆ ಅಡ್ಡಿ ಇಲ್ಲ. ಅದೂ ಬೆಳಗಿನ ಜಾವ ಹೋದರೆ ನಮ್ಮ ತೋಟದಲ್ಲಿ ಯಾರ್ಯಾರು ವಾಸ ಇದ್ದಾರೆ ಅಂತ ಒಂದು ಗಂಟೆಯಲ್ಲಿ ಹಾಜರಿ ಹಾಕಬಹುದು.

ಶಿರಸಿ ಕಡೆಯ ನಾವು ಕೆಲವು ಬೆಳೆಗಾರರು ಏಪ್ರಿಲ್ ತಿಂಗಳಲ್ಲೊಂದು ದಿನ ಇಂಥ ನಡಿಗೆ ಇಟ್ಟುಕೊಂಡಿದ್ದೆವು. ಹಲವು ವರ್ಷಗಳಿಂದ ಹಕ್ಕಿಗಳ ಹಿಂದೆ ಬಿದ್ದಿರುವ ನಮ್ಮ ಪಕ್ಕದೂರಿನ ಹುಡುಗನೊಬ್ಬ ಕರೆದುಕೊಂಡು ಹೋದ. ಮೊದಲು ತೋಟ, ಆಮೇಲೆ ಅದಕ್ಕೆ ತಾಗಿದ ಸೊಪ್ಪಿನ ಬೆಟ್ಟ, ಕೊನೆಗೆ ಬೆಟ್ಟ ಸವರಿ ಹೊಸದಾಗಿ ಅಡಿಕೆ ಹಾಕಿದ ಒಂದು ಇಳಿಜಾರು. ಅಂದು ಕಲಿತದ್ದು, ಆ ಮೇಲೆ ನಾನು ದಿನಾ ಅಭ್ಯಾಸ ಮಾಡಿಕೊಂಡದ್ದು ಎರಡನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಬೆಳಗಿನ ಜಾವವೇ ಯಾಕೆ?

ನಾವು ಹೊರಟದ್ದು ಐದೂವರೆಗೆ. ಆಗಿನ್ನೂ ಮಬ್ಬುಗತ್ತಲು. ಅಷ್ಟು ಬೇಗ ಹೋಗುವುದಕ್ಕೆ ಕಾರಣ ಉಂಟು. ಆ ಹೊತ್ತಿನಲ್ಲಿ ಗಾಳಿ ಇರುವುದಿಲ್ಲ. ನೆಲದ ಹತ್ತಿರದ ಗಾಳಿ ತಂಪು, ಮೇಲಿನದ್ದು ಅದಕ್ಕಿಂತ ಸ್ವಲ್ಪ ಬೆಚ್ಚಗೆ. ಹೀಗಿದ್ದಾಗ ಮೇಲಕ್ಕೆ ಹೋಗಬೇಕಾದ ಸದ್ದು ಬಾಗಿ ಮತ್ತೆ ಕೆಳಗೇ ಬರುತ್ತದೆ, ಹಾಗಾಗಿ ದೂರದವರೆಗೂ ಕೇಳುತ್ತದೆ. ಬೆಳಿಗ್ಗೆ ದೇವಸ್ಥಾನದ ಗಂಟೆ ಕೇಳುವಷ್ಟು ಸ್ಪಷ್ಟವಾಗಿ ಮಧ್ಯಾಹ್ನ ಕೇಳದಿರುವುದಕ್ಕೂ ಇದೇ ಕಾರಣ. ಪಂಪ್‌ಸೆಟ್ಟು, ಬೈಕು, ಹುಲ್ಲು ಹೆರೆಯುವ ಮೆಷಿನ್ನು ಇನ್ನೂ ಶುರುವಾಗಿರುವುದಿಲ್ಲ ಅನ್ನುವುದೂ ಸೇರಿಕೊಳ್ಳುತ್ತದೆ.

ಹಕ್ಕಿಯ ಕಡೆಯಿಂದ ನೋಡಿದರೆ, ಹುಳ ಹುಡುಕಲು ಆಗ ಬೆಳಕು ಸಾಲದು. ಹೊಟ್ಟೆಪಾಡಿನ ಕೆಲಸಕ್ಕೆ ಹೊತ್ತಾಗದ ಆ ಅರ್ಧ ಮುಕ್ಕಾಲು ಗಂಟೆಯನ್ನು ಗಂಡುಹಕ್ಕಿ ಹಾಡಿಗೆ ಬಳಸುತ್ತದೆ. ಹಾಡು ಅಂದರೆ ನಮ್ಮ ಖುಷಿಗೆ ಅಲ್ಲ. ‘ಇದು ನನ್ನ ಜಾಗ, ರಾತ್ರಿ ಕಳೆದು ಬದುಕಿದ್ದೇನೆ, ಒಳಗೆ ಬರಬೇಡ’ ಅಂತ ಉಳಿದ ಗಂಡುಗಳಿಗೆ ಹೇಳುವುದು, ಹೆಣ್ಣಿಗೆ ತಾನಿರುವ ಸುದ್ದಿ ಮುಟ್ಟಿಸುವುದು. ನಾವು ಗಡಿಗೆ ಕಲ್ಲು ನೆಟ್ಟು ಬೇಲಿ ಹಾಕುತ್ತೇವೆ. ಅವು ದಿನಾ ಬೆಳಿಗ್ಗೆ ಬಾಯಲ್ಲಿ ಬೇಲಿ ಹಾಕುತ್ತವೆ. ದೊಡ್ಡ ಕಣ್ಣಿನ ಹಕ್ಕಿಗಳು ಮಬ್ಬಿನಲ್ಲೇ ಶುರುಮಾಡುತ್ತವೆ, ಸಣ್ಣ ಕಣ್ಣಿನವು ಬೆಳಕು ಹೆಚ್ಚಿದ ಮೇಲೆ ಎಂಬುದನ್ನು ಸಂಶೋಧಕರು ಕಂಡುಕೊಂಡಿದ್ದಾರೆ.

ಇನ್ನೊಂದು ಸಂಗತಿ. ನಮ್ಮ ದನಿ ಹುಟ್ಟುವುದು ಗಂಟಲಿನ ಮೇಲ್ಭಾಗದಲ್ಲಿ. ಹಕ್ಕಿಯದ್ದು ಉಸಿರುಕೊಳವೆ ಎರಡಾಗಿ ಕವಲೊಡೆಯುವ ಬುಡದಲ್ಲಿ. ಹಾಡುಹಕ್ಕಿಗಳು ಎರಡೂ ಕವಲನ್ನು ಬೇರೆ ಬೇರೆಯಾಗಿ ನುಡಿಸಬಲ್ಲವು. ಒಂದೇ ಹಕ್ಕಿ ಇಬ್ಬರು ಹಾಡಿದಂತೆ ಕೇಳುವುದು ಇದರಿಂದ.

ಕೇಳುವ ಕ್ರಮ

ನಡಿಗೆ ಅಂತ ಹೆಸರಾದರೂ ನಾವು ನಡೆದದ್ದು ಕಡಿಮೆ, ನಿಂತದ್ದು ಹೆಚ್ಚು. ತೋಟಕ್ಕೆ ಇಳಿಯುವ ಮೊದಲೇ ಹುಡುಗ ಎಲ್ಲರ ಕೈಗೂ ಒಂದೊಂದು ಹಾಳೆ, ಪೆನ್ಸಿಲು ಕೊಟ್ಟ. ಹಾಳೆಯ ನಡುವೆ ಒಂದು ಚುಕ್ಕಿ, ಅದು ನಾವು. ಮೇಲ್ಗಡೆ ಬೆಟ್ಟ, ಕೆಳಗಡೆ ಹಳ್ಳ. ಹದಿನೈದು ನಿಮಿಷ ಅಲುಗಾಡದೆ ನಿಂತು, ಯಾವ ಸದ್ದು ಯಾವ ದಿಕ್ಕಿನಿಂದ, ಹತ್ತಿರದಿಂದಲೋ ದೂರದಿಂದಲೋ ಅಂತ ಗುರುತು ಹಾಕುತ್ತಾ ಹೋಗಬೇಕು. ಹೆಸರು ಗೊತ್ತಿಲ್ಲದಿದ್ದರೆ ‘ಬಾಗಿಲು ಕಿರುಗುಟ್ಟಿದ್ದು’, ‘ಸೈಕಲ್ ಬೆಲ್ಲು’ ಅಂತ ಬರೆದರೆ ಸಾಕು. ಮೊದಲ ಎರಡು ನಿಮಿಷ ಎಲ್ಲಾ ಸೇರಿ ಒಂದೇ ಗದ್ದಲ ಅನ್ನಿಸುತ್ತದೆ. ಐದು ನಿಮಿಷವಾದ ಮೇಲೆ ಒಂದೊಂದೇ ಎಳೆ ಬಿಡಿಸಿಕೊಳ್ಳುತ್ತದೆ. ಎರಡೂ ಅಂಗೈಯನ್ನು ಕಿವಿಯ ಹಿಂದೆ ಬಟ್ಟಲಿನ ಹಾಗೆ ಹಿಡಿದರೆ ಎದುರಿನ ಸದ್ದು ಎಷ್ಟು ಹತ್ತಿರ ಬರುತ್ತದೆ ಅಂತ ನೀವೇ ಪರೀಕ್ಷೆ ಮಾಡಿ ನೋಡಿ.

ಒಂದೇ ದಿನಕ್ಕೆ ಹತ್ತು ಹಕ್ಕಿ ಕಲಿಯಲು ಹೋದರೆ ಯಾವುದೂ ತಲೆಗೆ ಹತ್ತುವುದಿಲ್ಲ. ವಾರಕ್ಕೊಂದು ಸಾಕು. ಅದರ ಕೂಗನ್ನು ನಮ್ಮ ಮಾತಿನಲ್ಲೇ ಕಟ್ಟಿಕೊಳ್ಳಬೇಕು. ಪುಸ್ತಕದಲ್ಲಿ ಇಂಗ್ಲಿಷಿನವರು ಬರೆದ ಕೂಗು ನಮ್ಮ ಕಿವಿಗೆ ಒಗ್ಗುವುದಿಲ್ಲ.

ಅಂದು ಮೊದಲು ಕೇಳಿದ್ದು ಮಡಿವಾಳ ಹಕ್ಕಿ. ಕಪ್ಪು ಬಿಳಿ, ಬಾಲ ಎತ್ತಿ ನಿಲ್ಲುವುದು. ಮಾರ್ಚ್‌ನಿಂದ ಜುಲೈವರೆಗೆ ಹಾಡಿನ ಭರ. ಒಂದು ಸಾಲು ಸಿಳ್ಳೆ, ಸ್ವಲ್ಪ ನಿಲುಗಡೆ, ಮತ್ತೆ ಬೇರೆ ಸಾಲು. ಭೀಮರಾಜನದ್ದು ಬೇರೆ ಕತೆ. ಬಾಲದಲ್ಲಿ ಎರಡು ಉದ್ದ ತಂತಿ, ತುದಿಯಲ್ಲಿ ಗರಿ. ಇದು ಕತ್ತಲಿರುವಾಗಲೇ ಏಳುತ್ತದೆ. ಗಿಡುಗನ ಕೂಗು, ಪಿಕಳಾರದ ಕೂಗು ಎಲ್ಲವನ್ನೂ ಅನುಕರಿಸಿ ನಮ್ಮನ್ನು ಬೇಸ್ತು ಬೀಳಿಸುತ್ತದೆ. ಒಂದೇ ಮರದಿಂದ ನಾಲ್ಕು ಹಕ್ಕಿಯ ದನಿ ಒಂದರ ಹಿಂದೊಂದು ಬಂದರೆ ಅಲ್ಲಿ ಭೀಮರಾಜ ಇದ್ದಾನೆ ಅಂತಲೇ ಲೆಕ್ಕ.

ಹಳ್ಳದ ಕಡೆಯಿಂದ ಯಾರೋ ದಾರಿಹೋಕ ಸಿಳ್ಳೆ ಹಾಕಿದ ಹಾಗೆ, ರಾಗ ಸರಿಯಾಗಿ ಕೂಡದ ಹಾಗೆ ಕೇಳಿದರೆ ಅದು ಮಲಬಾರ್ ವಿಸ್ಲಿಂಗ್ ಥ್ರಷ್. ‘ಸಿಳ್ಳೆ ಹಾಕುವ ಶಾಲೆ ಹುಡುಗ’ ಅಂತ ಇಂಗ್ಲಿಷಿನಲ್ಲಿ ಅಡ್ಡ ಹೆಸರು. ಮೈ ಕಡುನೀಲಿ, ಹರಿಯುವ ನೀರಿನ ಹತ್ತಿರವೇ ವಾಸ. ಕೋಗಿಲೆ ಬಗ್ಗೆ ಎಲ್ಲರಿಗೂ ಗೊತ್ತು. ಆದರೆ ‘ಕುಹೂ’ ಅನ್ನುವುದು ಕಪ್ಪು ಗಂಡು. ಚುಕ್ಕೆ ಚುಕ್ಕೆಯ ಹೆಣ್ಣು ‘ಕಿಕ್ ಕಿಕ್’ ಅಂತ ಕಿರುಚುತ್ತದೆ, ಅಷ್ಟೆ. ನಮ್ಮ ಹಾಡುಗಾರ್ತಿಯರನ್ನೆಲ್ಲ ಕೋಗಿಲೆ ಅಂತ ಹೊಗಳುವವರು ಇದನ್ನು ಕೇಳಿಸಿಕೊಂಡಿಲ್ಲ!

ತೋಟದಂಚಿನಿಂದ ‘ಟಂಕ್ ಟಂಕ್ ಟಂಕ್’ ಅಂತ ಒಂದೇ ಸಮನೆ ಬರುತ್ತಿತ್ತು. ನಮ್ಮ ಜೊತೆಗಿದ್ದ ಹಿರಿಯರೊಬ್ಬರು, “ದಿನಾ ಕೇಳ್ತೇನೆ, ಎಲ್ಲೋ ಪಂಪಿನ ಸದ್ದು ಅಂದುಕೊಂಡಿದ್ದೆ ಮಾರಾಯ” ಅಂದರು. ಅದು ಕಂಚುಗಾರ ಹಕ್ಕಿ. ಕೊಕ್ಕು ತೆರೆಯದೆ ಗಂಟಲು ಉಬ್ಬಿಸಿ ಕೂಗುವುದರಿಂದ ಎಲ್ಲಿಂದ ಅಂತ ಪತ್ತೆ ಮಾಡುವುದೇ ಕಷ್ಟ.

ಹಾಡು ಮತ್ತು ಎಚ್ಚರಿಕೆಯ ಕೂಗು ಬೇರೆ ಬೇರೆ ಅನ್ನುವುದು ತೋಟದಲ್ಲಿ ಕೆಲಸ ಮಾಡುವವರಿಗೆ ಬಹಳ ಉಪಯೋಗದ ಪಾಠ. ಎಚ್ಚರಿಕೆಯ ಕೂಗು ಚಿಕ್ಕದು, ಒರಟು, ಮತ್ತೆ ಮತ್ತೆ ಬರುವಂಥದು. ಹರಟೆಮಲ್ಲಗಳ ಗುಂಪು, ಪಿಕಳಾರ, ಕಾಜಾಣ ಎಲ್ಲ ಒಂದೇ ಪೊದೆಯ ಸುತ್ತ ಸೇರಿ ಬೈದಾಡಿಕೊಳ್ಳುತ್ತಿದ್ದರೆ ಅಲ್ಲಿ ಹಾವೋ ಗೂಬೆಯೋ ಕಾಡುಬೆಕ್ಕೋ ಇರುತ್ತದೆ. ಹೆಕ್ಕುವುದಕ್ಕೆ ಬಂದ ಹೆಂಗಸರಿಗೆ ನಾನು ಇದನ್ನು ಹೇಳಿಕೊಟ್ಟಿದ್ದೇನೆ. “ನಮಗೆ ಮೊದಲೇ ಗೊತ್ತುಂಟು” ಅಂದರು.

ಬೆಟ್ಟ ಇರುವಲ್ಲಿ, ಇಲ್ಲದಲ್ಲಿ

ತೋಟ ಮತ್ತು ಬೆಟ್ಟ ಕೂಡುವ ಅಂಚಿನಲ್ಲಿ ನಿಂತಾಗ ನಮ್ಮ ಹಾಳೆಯಲ್ಲಿ ಗುರುತು ಹಾಕಲು ಜಾಗ ಸಾಲಲಿಲ್ಲ. ಕುಟ್ರು ಹಕ್ಕಿಯ ‘ಕುಟ್ರೂ ಕುಟ್ರೂ’ ನಾಲ್ಕು ದಿಕ್ಕಿನಿಂದ. ಕರಿತಲೆಯ ಹೊನ್ನಕ್ಕಿ, ಮಟಪಕ್ಷಿ, ಮರಕುಟಿಗ, ಮೇಲಿನಿಂದ ಯಾರೋ ಕೇಕೆ ಹಾಕಿ ನಕ್ಕ ಹಾಗೆ ಮಂಗಟ್ಟೆ. ಅದೇ ಸವರಿದ ಇಳಿಜಾರಿನಲ್ಲಿ ಹದಿನೈದು ನಿಮಿಷ ನಿಂತರೆ ಒಂದು ಕೈಬೆರಳಿನಲ್ಲಿ ಎಣಿಸಿ ಮುಗಿಯಿತು. ಅವೂ ಪಕ್ಕದ ಬೆಟ್ಟದಿಂದ ಕೇಳಿಸಿದವು. ಎರಡರ ನಡುವಿನ ದೂರ ಹೆಚ್ಚೆಂದರೆ ಒಂದು ಫರ್ಲಾಂಗು. ಕಣ್ಣಿಗೆ ಇಳಿಜಾರು ಹಸಿರಾಗಿಯೇ ಕಾಣುತ್ತಿತ್ತು.

ನಮ್ಮ ಜಿಲ್ಲೆಯ ತೋಟಗಳ ಬಗ್ಗೆ 2008ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇಲ್ಲಿ ನೆನಪಾಗುತ್ತದೆ. ಜೈ ರಂಗನಾಥನ್, ಆರ್. ಜೆ. ರಂಜಿತ್ ಡೇನಿಯಲ್ಸ್, ಎಂ. ಡಿ. ಸುಭಾಷ್ ಚಂದ್ರನ್ ಮತ್ತಿತರರು ಮಾಡಿದ್ದು. ಉತ್ತರ ಕನ್ನಡದ ಅಡಿಕೆ ಸೀಮೆಯಲ್ಲಿ ಸುತ್ತಲಿನ ಕಾಡಿಗೆ ಸಂಬಂಧಿಸಿದ ಹಕ್ಕಿ ಜಾತಿಗಳ ಪೈಕಿ ಸುಮಾರು ಶೇಕಡಾ 90ರಷ್ಟು ಇವೆ ಎಂದು ಅವರು ಕಂಡರು. ಎರಡು ಸಾವಿರ ವರ್ಷಕ್ಕೂ ಮಿಕ್ಕಿ ಬೇಸಾಯ ನಡೆದ ನೆಲದಲ್ಲಿ ಇದು ಸಣ್ಣ ಮಾತಲ್ಲ. ಇದಕ್ಕೆ ಅವರು ಕೊಟ್ಟ ಕಾರಣಗಳಲ್ಲಿ ಮುಖ್ಯವಾದದ್ದು ತೋಟಕ್ಕೆ ಸೊಪ್ಪು ಒದಗಿಸುವ, ಮರಗಳಿರುವ ಬೆಟ್ಟ. ಬ್ರಿಟಿಷರ ಕಾಲದಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ ಬಿಟ್ಟುಕೊಟ್ಟ ವ್ಯವಸ್ಥೆ ನಮಗೆಲ್ಲ ಗೊತ್ತಿರುವುದೇ. ಅಂದರೆ ಶೇಕಡಾ 90ರ ಹೆಮ್ಮೆ ಬೆಟ್ಟ ಉಳಿಸಿಕೊಂಡವರಿಗೆ ಮಾತ್ರ. ಬೆಟ್ಟ ಬೋಳಿಸಿ ಬರೀ ಅಡಿಕೆ ಹಾಕಿದವರು ಅದರಲ್ಲಿ ಪಾಲು ಕೇಳುವಂತಿಲ್ಲ.

ಹಕ್ಕಿ ಇದ್ದರೆ ಬೆಳೆಗಾರನಿಗೆ ಏನು ಲಾಭ ಅಂತ ನಡಿಗೆಯಲ್ಲೂ ಪ್ರಶ್ನೆ ಬಂತು. ಉತ್ಪ್ರೇಕ್ಷೆ ಬೇಡ. ಕೊಳೆರೋಗಕ್ಕೆ ಹಕ್ಕಿ ಮದ್ದಲ್ಲ, ಬೋರ್ಡೋ ಸಿಂಪಡಣೆ ತಪ್ಪುವುದಿಲ್ಲ. ಎಲೆಚುಕ್ಕಿಗೂ ಅಷ್ಟೆ. ನವಿಲು ಗದ್ದೆಗೆ ಮಾಡುವ ಹಾನಿಯನ್ನು ಅನುಭವಿಸಿದವರಿಗೆ ಹಕ್ಕಿ ಪ್ರೀತಿಯ ಉಪದೇಶ ಮಾಡಲು ನನಗೆ ಬಾಯಿ ಬರುವುದಿಲ್ಲ. ಆದರೆ ಬುಡ ಅಗೆದಾಗ ಮೇಲೆ ಬಂದ ಬೇರುಹುಳವನ್ನು ಹೆಕ್ಕುವುದು, ಬಾಳೆ ತರಕಾರಿಯ ಹುಳ ತಿನ್ನುವುದು, ಗೂಬೆ ಇಲಿ ಹಿಡಿಯುವುದು ಕಣ್ಣೆದುರಿನ ಕೆಲಸ. ಬೆಟ್ಟದಲ್ಲಿ ನಾವು ನೆಡದೆಯೇ ಹುಟ್ಟುವ ಅತ್ತಿ, ಬಸರಿ, ನೇರಳೆಗಳ ಬೀಜ ಹೊತ್ತವರೂ ಬಹುಪಾಲು ಹಕ್ಕಿಗಳೇ. ಬೆಟ್ಟ ಹೋದರೆ ಸೊಪ್ಪು ದರಕು ಹೋಗುತ್ತದೆ, ಕೆಳಗಿನ ಹಳ್ಳದ ನೀರೂ ಕಡಿಮೆಯಾಗುತ್ತದೆ. ಹಕ್ಕಿಯ ದನಿ ಅದನ್ನು ಮೊದಲೇ ತಿಳಿಸುತ್ತದೆ, ಅಷ್ಟು.

ಒಣಮರದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಬೆಟ್ಟದಲ್ಲಿ ಅರ್ಧ ಒಣಗಿದ ಒಂದು ಮತ್ತಿಮರ ಇದೆ. ಅಡಿಕೆ ಬೇಯಿಸುವ ಒಲೆಗೆ ಒಂದು ಗಾಡಿ ಕಟ್ಟಿಗೆ ಆದೀತು ಅಂತ ಮನೆಯಲ್ಲಿ ಮಾತಾಗಿತ್ತು. ನಡಿಗೆಯ ದಿನ ಅದರ ಒಣಕೊಂಬೆಯಿಂದಲೇ ಕುಟ್ರು ಕೂಗುತ್ತಿತ್ತು. ಕೆಳಮುಖವಾಗಿ ದುಂಡಗಿನ ಎರಡು ತೂತು. ಕುಟ್ರು, ಮರಕುಟಿಗಗಳಿಗೆ ಮೆತ್ತಗಾದ ಒಣಕೊಂಬೆ ಸಿಕ್ಕರೆ ಸ್ವಂತ ಗೂಡು ಕೊರೆಯುವ ಶಕ್ತಿ ಇದೆ. ಮಡಿವಾಳ, ಮೈನಾ, ಹಾಲಕ್ಕಿ ಇವಕ್ಕೆ ಆ ಶಕ್ತಿ ಇಲ್ಲ. ಕುಟ್ರು ಬಿಟ್ಟುಹೋದ ತೂತಿಗೆ ಇವು ಬಾಡಿಗೆಗೆ ಬರುತ್ತವೆ. ಮಂಗಟ್ಟೆಗೆ ಇನ್ನೂ ದೊಡ್ಡ ಪೊಟರೆ, ಅಂದರೆ ಹಳೆಯ ದೊಡ್ಡ ಮರವೇ ಆಗಬೇಕು. ಹೆಣ್ಣು ಒಳಗೆ ಕೂತು ಬಾಯಿ ಮುಚ್ಚಿಕೊಳ್ಳುತ್ತದೆ, ಸೀಳಿನಿಂದ ಗಂಡು ಆಹಾರ ಕೊಡುತ್ತದೆ. ಮತ್ತಿಮರವನ್ನು ಹಾಗೇ ಬಿಟ್ಟಿದ್ದೇವೆ. ತೋಟದ ಮೇಲೋ ಕಾಲುದಾರಿಯ ಮೇಲೋ ಬೀಳುವಂಥ ಒಣಮರವಾದರೆ ಕಡಿಯಲೇಬೇಕು. ಬೆಟ್ಟದ ನಡುವಿನದ್ದಕ್ಕೆ ಅವಸರವಿಲ್ಲ. ಕುಟ್ರು ಗೂಡಿನ ಕಾಲ ಡಿಸೆಂಬರಿನಿಂದ ಮಳೆಗಾಲದ ಶುರುವಿನವರೆಗೆ. ಕಡಿಯಲೇಬೇಕಾದರೆ ಅದು ಕಳೆದ ಮೇಲೆ ಕಡಿಯಿರಿ.

ಮೊಬೈಲಿನ ಸಹಾಯ

ಕೂಗು ಕೇಳಿಸಿದರೆ ಹಕ್ಕಿಯ ಹೆಸರು ಹೇಳುವ ಮರ್ಲಿನ್ ಎಂಬ ಆ್ಯಪ್ ಈಗ ಇದೆ. ದುಡ್ಡು ಬೇಡ. ನಮ್ಮ ದೇಶದ ಹಕ್ಕಿಗಳ ಕಡತವನ್ನು ಒಮ್ಮೆ ಇಳಿಸಿಕೊಂಡರೆ ತೋಟದಲ್ಲಿ ನೆಟ್‌ವರ್ಕ್ ಇಲ್ಲದಿದ್ದರೂ ನಡೆಯುತ್ತದೆ. ಹೊಸದಾಗಿ ಕಲಿಯುವವರಿಗೆ ಒಳ್ಳೆಯದೇ. ಆದರೆ ಭೀಮರಾಜನ ಅನುಕರಣೆಗೆ ಅದೂ ಬೇಸ್ತು ಬೀಳಬಹುದು. ಮೊದಲು ಕಿವಿಯಿಂದ ಊಹೆ ಮಾಡಿ, ಆಮೇಲೆ ಮೊಬೈಲು ತೆಗೆಯುವ ಕ್ರಮ ನನಗೆ ಹಿಡಿಸಿತು. ಹಕ್ಕಿಯನ್ನು ಹತ್ತಿರ ಕರೆಯಲು ಅದರದ್ದೇ ಕೂಗನ್ನು ಮೊಬೈಲಿನಲ್ಲಿ ಹಾಕುವವರಿದ್ದಾರೆ. ಅದು ಬೇಡ. ಬೇರೆ ಗಂಡು ಬಂತು ಅಂತ ಗೂಡು ಬಿಟ್ಟು ಜಗಳಕ್ಕೆ ಬರುತ್ತದೆ, ಮೊಟ್ಟೆ ಮರಿ ಅನಾಥ.

ಚಳಿಗಾಲದಲ್ಲಿ ಕೇಳಲು ಬೇರೆಯದೇ ಪಟ್ಟಿ ಇದೆ. ಆಗ ಬರುವ ನವರಂಗ ಬೆಳಗಿನ ಮಬ್ಬಿನಲ್ಲಿ, ಸಂಜೆ ಕತ್ತಲಾಗುವಾಗ ಎರಡು ಸ್ವರದ ಸಿಳ್ಳೆ ಹಾಕುತ್ತದೆ. ತಮಿಳಿನವರು ಅದಕ್ಕೆ ಆರು ಗಂಟೆಯ ಹಕ್ಕಿ ಅನ್ನುತ್ತಾರೆ. ದರಕಿನ ಮೇಲೆ ಕುಪ್ಪಳಿಸಿ ಹುಳ ಹೆಕ್ಕುವ ಹಕ್ಕಿ ಅದು, ಆದ್ದರಿಂದ ದರಕು ಪೂರ್ತಿ ಗುಡಿಸಿದ ಜಾಗದಲ್ಲಿ ಸಿಗುವುದಿಲ್ಲ. ಮಳೆಗಾಲದಲ್ಲೂ ಕೇಳಬಹುದು, ಸಿಳ್ಳೆ ಹುಡುಗನ ಹಾಡು ಆಗಲೇ ಜೋರು. ಛತ್ರಿ ಮಾತ್ರ ಒಯ್ಯಬೇಡಿ. ಬಟ್ಟೆಯ ಮೇಲೆ ಬೀಳುವ ಹನಿಯ ಸದ್ದಿನಲ್ಲಿ ಏನೂ ಕೇಳುವುದಿಲ್ಲ. ಕಂಬಳಿಕೊಪ್ಪೆ ಹಾಕಿಕೊಂಡು, ಮಳೆ ಸ್ವಲ್ಪ ಹೊಳವಾದಾಗ ಹಳ್ಳದಿಂದ ನಾಲ್ಕು ಮಾರು ಮೇಲೆ ನಿಂತರೆ ಆಯಿತು.